ಲಾಭ, ಎರಡು, ಮೂರು

ಮೂರನೇ ಶನಿವಾರ. ಹತ್ತೂವರೆಗೆ ಬರಬೇಕಿದ್ದ ಮಕ್ಕಳು
ಹನ್ನೊಂದು ಕಾಲಿಗೆ ಬಂದರು.
ಮುಂದೆ ಕಲಾಸಿಪಾಳ್ಯದ ಟ್ರಾಫಿಕ್ಕನ್ನು ಬೈಯುತ್ತ ನಸ್ರೀನ್ ಟೀಚರ್,
ಹಿಂದೆ ಇಬ್ಬಿಬ್ಬರಾಗಿ ಕೈ ಹಿಡಿದ ಮೂವತ್ತೊಂದು ಮಂದಿ.
ಕೊನೆಯವನಿಗೆ ಜೋಡಿಯಿಲ್ಲ.

ನಮ್ಮದೇನು ದೊಡ್ಡ ಮ್ಯೂಸಿಯಂ ಅಲ್ಲ.
ತರಗುಪೇಟೆಯ ಹಳೇ ಮಂಡಿಯ ಅಟ್ಟ, ಎರಡು ಕೋಣೆ,
ಮೆಟ್ಟಿಲ ಕೆಳಗೆ ಯಾರದೋ ಬೆಲ್ಲದ ಗೋದಾಮು,
ಅಲ್ಲಿಂದ ಬರುವ ನೊಣಗಳಿಗೆ ಪ್ರವೇಶ ಉಚಿತ.
ನಾನು ಟಿಕೆಟ್ ಹರಿಯುತ್ತೇನೆ, ಚೀಟಿ ಬರೆಯುತ್ತೇನೆ:
ಸೇರು. ಹಿತ್ತಾಳೆ. ಸುಮಾರು ೧೯೩೦.
ಪಾವು. ಕಬ್ಬಿಣ. ಕಾಲ ತಿಳಿಯದು.
ದಯವಿಟ್ಟು ಮುಟ್ಟಬೇಡಿ.
ಕೊನೆಯ ಸಾಲನ್ನೇ ಮಕ್ಕಳು ಮೊದಲು ಓದುತ್ತಾರೆ,
ಓದಿ, ಮುಟ್ಟುತ್ತಾರೆ.

ಕಾರ್ಯಕ್ರಮದ ಹೆಸರು 'ಪೇಟೆಯ ಸ್ಮೃತಿ'.
ಬ್ಯಾನರ್ ಮಾಡಿದವನು
ಸ್ಮೃತಿಯ ವಟ್ರಸುಳಿಯನ್ನೇ ಮರೆತಿದ್ದ.
ಮಾತಾಡಬೇಕಿದ್ದ ಮಂಡಿ ಸಾಹುಕಾರರಿಗೆ
ಬೆಳಗ್ಗೆಯಿಂದ ಮಂಡಿ ನೋವು.
ಬದಲಿಗೆ ಬಂದವಳು ತಿರುಮಳಮ್ಮ,
ಅವರಲ್ಲಿ ಮೂವತ್ತಾರು ವರ್ಷ ನೆಲ ಗುಡಿಸಿದವಳು.
ಚೀಲ ಹರಿದು ಚೆಲ್ಲಿದ್ದೆಲ್ಲ ಅವಳದು. ಅದೇ ಸಂಬಳ.

ಕಂಕುಳಲ್ಲಿ ಮೊರ. ಕುರ್ಚಿ ಬೇಡ ಅಂದಳು.
ಸುತ್ತ ಒಮ್ಮೆ ನೋಡಿ,
'ಏನವ್ವ, ನೆಲ ಇಷ್ಟು ಚೊಕ್ಕಟ?
ಇಲ್ಲಿ ವ್ಯಾಪಾರವೇ ಆಗಿಲ್ಲ ಅನ್ನಂಗೈತೆ.'
ಆಮೇಲೆ ಗಾಜಿನ ಬೀರುವಿನ ಕಡೆ ಗದ್ದ ಎತ್ತಿ,
'ಆ ಪಾವು ಈಚೆ ಕೊಡು.'

ಕೀಲಿ ನನ್ನ ಸೊಂಟದಲ್ಲೇ ಇತ್ತು.
ನಿಯಮ ಹದಿನಾಲ್ಕು ನೆನಪಾಯಿತು.
ನಿಯಮ ಬರೆದವರು ಅವತ್ತು ಮೈಸೂರಿಗೆ ಹೋಗಿದ್ದರು.
ಕೊಟ್ಟೆ.

ಎದುರಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಕೇಜಿ ರಾಗಿ ಬಂತು.
ಅವಳು ಅಳೆದಳು, ಸವರದೆ, ಪಾವಿಗೆ ತಲೆ ಕಟ್ಟಿ,
ಪ್ರತಿ ಸಲವೂ ದನಿ ಎತ್ತಿ:
ಲಾಭ.
ಎರಡು.
ಮೂರು.
'ಒಂದು ಎಲ್ಲಿ ಹೋಯ್ತು?' ಅಂದಳು ಇಂದುಶ್ರೀ,
ಲೆಕ್ಕದಲ್ಲಿ ಯಾರನ್ನೂ ಬಿಡುವವಳಲ್ಲ.
'ಮೊದಲ್ನೇದಕ್ಕೆ ಒಂದು ಅನ್ಬಾರ್ದು ಮಗ. ಒಂಟಿಯಾಗೋಯ್ತದೆ.
ಲಾಭ ಅಂದ್ರೆ ಹಿಂದೆ ಬರೋವ್ಕೆ ದಾರಿ ಸಿಗ್ತದೆ.'
ನಾಲ್ಕು. ಐದು. ಆರು. ಮತ್ತೊಂದು.
'ಏಳು!' ಎಲ್ಲ ಗಂಟಲೂ ಒಟ್ಟಿಗೆ.
ತಿರುಮಳಮ್ಮ ಪಾವನ್ನು ಎದೆಗೆ ಅವುಚಿಕೊಂಡಳು.
'ಬ್ಯಾಡ್ರೋ! ಏಳು ಅಂದ್ರೆ ರಾಶಿ ಎದ್ದು ಹೊಂಟೋಯ್ತದೆ.'

ಮಕ್ಕಳು ನಕ್ಕರು.
ಅವಳು ನಗಲಿಲ್ಲವೆಂದು ಕಂಡು ನಿಲ್ಲಿಸಿದರು.
'ಯಾರೋ ಒಬ್ಬ ಅಂದವ್ನೆ ಒಂದಿನ, ಏಳು ಅಂತ.
ಮಾರ್ಕೆಟ್ಟೇ ಎದ್ದು ಯಶವಂತಪುರಕ್ಕೆ ಹೋಯ್ತು.'

ಚರಿತ್ರೆಯನ್ನು ಅವಳು ಹೇಳಿದ್ದು ಇಷ್ಟು.
ನಮ್ಮ ಗೋಡೆಯ ಮೇಲೆ ಅದೇ ಸಂಗತಿ ನಾಲ್ಕು ಪ್ಯಾರಾ ಇದೆ,
ಎರಡನೆಯದನ್ನು ದಾಟಿದವರನ್ನು ನಾನು ಕಂಡಿಲ್ಲ.

ಆಗ ಎದ್ದು ನಿಂತ ಜೋಡಿಯಿಲ್ಲದವನು,
ಯಲ್ಲಾಲಿಂಗ, ಯಾದಗಿರಿ ಕಡೆಯವನು,
ಶಾಲೆಗೆ ಸೇರಿ ಹನ್ನೆರಡು ದಿನ.
ಅವನ ದನಿ ಕ್ಲಾಸಿನವರೇ ಆವತ್ತು ಮೊದಲು ಕೇಳಿದ್ದು.
'ಆಯೀ, ಚೆಲ್ಲಿದ್ದು ಎಣಸ್ತಿದ್ರೇನ್ರಿ?'

ರಾಗಿಯಲ್ಲಿ ಆಡುತ್ತಿದ್ದ ಅವಳ ಬೆರಳು ನಿಂತವು.
'ಚೆಲ್ಲಿದ್ದಕ್ಕೆ ಅಳತೆ ಎಲ್ಲಿಂದ ತರ್ಲಪ್ಪ.
ಮೂರು ಮಕ್ಕಳು ಸಾಕ್ದೆ ಅದ್ರಲ್ಲೇ.'
ಮೊರ ಅವನ ಕೈಗಿಟ್ಟಳು.
ಅವನು ಕೇರಿದ, ಬಲ್ಲವನ ಹಾಗೆ, ಮಣಿಕಟ್ಟು ತಿರುಗಿಸಿ.
ಉಳಿದ ಮೂವತ್ತು ಮಂದಿಯೂ ಕೇರಿದರು.
ಅದನ್ನು ನೆಲದ ಮೇಲೆ ನೋಡಬೇಕಿತ್ತು ನೀವು.

ಬಸ್ಸಿನ ಬಾಗಿಲಲ್ಲಿ ನಸ್ರೀನ್ ಟೀಚರ್ ತಲೆ ಎಣಿಸುವಾಗ
ಒಳಗಿನಿಂದ ಕೂಗು: 'ಒಂದು ಅಲ್ಲ ಮಿಸ್, ಲಾಭ! ಲಾಭ!'
'ಬಾಯಿ ಮುಚ್ಚಿ' ಅಂದರು.
ಆದರೂ ಆರಾದ ಮೇಲೆ ಅರೆಗಳಿಗೆ ತಡೆದು,
'ಮತ್ತೊಂದು' ಅಂದರು ಮೆಲ್ಲಗೆ.
'ನೀವು ಎದ್ದು ಹೋದರೆ ಹೋಗೋದು ನನ್ನ ಕೆಲಸ ಕಣ್ರೋ.'

ಸಂಜೆ ರಿಜಿಸ್ಟರ್ ತುಂಬಿದೆ.
'ಸಂಪನ್ಮೂಲ ವ್ಯಕ್ತಿ' ಅಂಕಣದಲ್ಲಿ
ಸಾಹುಕಾರರ ಹೆಸರು ಮೊದಲೇ ಟೈಪಾಗಿತ್ತು.
ಹೊಡೆದುಹಾಕಿ ಮೇಲೆ ಬರೆದೆ, ಜಾಗ ಸಾಲದೆ ಮ್ಮ ಒತ್ತಿಹೋಯಿತು.
ಪಾವನ್ನು ಒರೆಸಿ ಒಳಗಿಟ್ಟೆ. ಚೀಟಿಯಲ್ಲಿ ಏನೂ ತಿದ್ದಲಿಲ್ಲ.

ಬೆಂಚಿನಡಿಯಲ್ಲಿ, ಹಲಗೆಯ ಸಂದಿಗಳಲ್ಲಿ ರಾಗಿ.
ಕೈಯಲ್ಲಿ ಪೊರಕೆ.
ಇರುವೆಗಳು ಆಗಲೇ ಸಾಲು ಹಿಡಿದಿದ್ದವು.
ನಾಳೆ ರಜಾ, ಇರಲಿ ಅಂದುಕೊಂಡು
ದೀಪ ಆರಿಸಿದೆ.